ಉತ್ತಮ ಪುರುಷ, ಏಕವಚನ

ವೆರಿಬೀಯ ಈ ಮನೆಯ ಗ್ಯಾರೇಜಿನಲ್ಲಿ
ಒಂದು ಮೇಜು, ಒಂದು ಹೆಡ್‌ಫೋನು, ಎಣ್ಣೆ ಕಾಣದ ಶಟರು.
ಕಡಲ ಕಡೆಯ ಗಾಳಿ ಬೀಸಿತೆಂದರೆ
ಮೆಲ್ಬರ್ನಿನ ಚರಂಡಿ ನೀರು ಸೋಸುವ ಕೆರೆಗಳ ನಾತ.
ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ,
ನಾನು ತೆರೆಯುತ್ತೇನೆ.
ಆ ನಾತದಡಿ ನನ್ನದು ಅಡಗುತ್ತದೆ.

ಕೆಲಸ ಸುಲಭ: ಯಾರೋ ಆಡಿದ್ದನ್ನು ಇನ್ಯಾರಿಗೋ ದಾಟಿಸುವುದು.
ಹೆಸರಿಲ್ಲ ನನಗೆ. ‘ಕನ್ನಡ, ನಾಲ್ಕು ನಾಲ್ಕು ಒಂದು ಏಳು.’
‘ಅವರು ಹೇಳುತ್ತಿದ್ದಾರೆ’ ಎನ್ನಕೂಡದು,
‘ನಾನು’ ಎನ್ನಬೇಕು, ಅದು ನಿಯಮ.
ಹಾಗಾಗಿ ನನಗೆ ಹದಿನೇಳು ಹೆರಿಗೆ, ಒಂದು ಮೂತ್ರಪಿಂಡ ಕಸಿ,
ಗಂಡ ಹೊಡೆದದ್ದು, ಒಮ್ಮೆ ಹೆಂಡತಿಗೆ ನಾನೇ ಹೊಡೆದದ್ದು,
ಬಾಡಿಗೆ ಬಾಕಿ.
ಕರೆ ಮುಗಿದರೆ ಸ್ಲೇಟು ಒರೆಸಿದ ಹಾಗೆ.

ಮಂಗಳವಾರ ಹತ್ತೂಕಾಲಿಗೆ ಮಿಲ್ಡ್ಯೂರಾದಿಂದ.
ಆ ಕಡೆ ಬ್ರಾನ್ವಿನ್, ವ್ಯಸನ ವಿಭಾಗ, ದನಿಯಲ್ಲಿ ಕಫ.
ಈ ಕಡೆ ಮೋಟೆಲಿನ ಅಡುಗೆಯವ, ಕೋಲಾರದ ಮಾತು.
‘ಏನು ಸೇದುತ್ತೀರಿ?’
‘ಸೊಪ್ಪು’, ಅಂದ.
ತಡವರಿಸಿದೆ. ದಂಟೋ ಕೀರೆಯೋ ಅಂದುಕೊಂಡಾಳು ಪುಣ್ಯಾತ್ಗಿತ್ತಿ.
ಸರಿಯಾದ ಪದ ನನಗೆ ಗೊತ್ತು.
ಮೇಜಿನ ಎರಡನೇ ಖಾನೆಯಲ್ಲಿದೆ, ಬಿಸ್ಕತ್ತಿನ ಡಬ್ಬಿಯಲ್ಲಿ.

‘ದಿನಕ್ಕೆ ಎಷ್ಟು?’
‘ಎದ್ದಾಗ ಒಂದು. ಈರುಳ್ಳಿ ಹೆಚ್ಚೋಕೆ ಮುಂಚೆ ಒಂದು.
ಆಮ್ಯಾಕೆ ಲೆಕ್ಕ ಇಲ್ಲ.’
ಇಂಗ್ಲಿಷಿನಲ್ಲಿ ಹೇಳಿದೆ: ನಾನು ಎದ್ದ ಕೂಡಲೇ ಸೇದುತ್ತೇನೆ.
ಕೆಲಸಕ್ಕೆ ಕೂರುವ ಮುಂಚೆ ಸೇದುತ್ತೇನೆ.
ಈರುಳ್ಳಿ ಬಿಟ್ಟುಹೋಗಿತ್ತು.
ಬ್ರಾನ್ವಿನ್ ಬರೆದುಕೊಂಡಳು.

‘ಬಿಡಲು ನೋಡಿದ್ದೀರಾ?’
‘ಬಿಟ್ಟಿದ್ದೆ, ಹನ್ನೊಂದು ದಿನ.
ನಿದ್ದೆ ಹತ್ತಲಿಲ್ಲ, ಹಾಸಿಗೆಯೆಲ್ಲ ಬೆವರು, ಬಾಯಿಗಿಟ್ಟ ಅನ್ನ ಮಣ್ಣು.
ಜನ ಅಂತಾರೆ, ಅದೇನು ಹೆಂಡವಾ, ಗಿಡ ತಾನೇ, ಬಿಟ್ಟರಾಯ್ತು.
ತುಂಬೇನೂ ಗಿಡಾನೇ, ದತ್ತೂರೀನೂ ಗಿಡಾನೇ.’
ಇದಕ್ಕೆ ಇಂಗ್ಲಿಷು ಹುಡುಕಲು ಅರೆ ನಿಮಿಷ ಹಿಡಿಯಿತು.
ನನ್ನವು ಒಂಬತ್ತೇ ದಿನ.

ಅವಳು ಓದುತ್ತ ಹೋದಳು, ನಾನು ದಾಟಿಸುತ್ತ ಹೋದೆ:
ಬಯಲಿನಲ್ಲೊಂದು ತೋಟದ ಮನೆ, ಮೂರು ತಿಂಗಳು,
ಫೋನು ಇಸಿದುಕೊಳ್ಳುತ್ತಾರೆ, ಕುರಿಗೆ ಮೇವು ಹಾಕಬೇಕು,
ಕಾಯುವವರ ಸಾಲು ಉದ್ದ.
ಸಮುದ್ರದಂಚಿಗೆ ಇನ್ನೊಂದು, ಮೆತ್ತನೆ ಹಾಸಿಗೆ,
ನಿಮ್ಮ ಆರು ತಿಂಗಳ ಸಂಬಳ ಆಗುತ್ತದೆ.
ಇಲ್ಲವೇ ಊರಲ್ಲೇ, ಗ್ರಂಥಾಲಯದ ಹಿಂದಿನ ಕೋಣೆ,
ವಾರಕ್ಕೆ ನಾಲ್ಕು ಹಗಲು, ಆರು ವಾರ.
ಸಂಜೆ ಮನೆಗೆ.
ಮನೆಗೆ ಅಂದರೆ ಡಬ್ಬಿ ಇರುವಲ್ಲಿಗೆ,
ಅದನ್ನು ಅವಳು ಹೇಳಲಿಲ್ಲ, ನಾನೂ ಸೇರಿಸಲಿಲ್ಲ.

‘ಅಲ್ಲಿ ಕನ್ನಡ ಬರೋರು ಇರ್ತಾರಾ?’
‘ಇಲ್ಲ. ಫೋನಿನಲ್ಲಿ ದುಭಾಷಿ ಸಿಗುತ್ತಾರೆ.’
‘ಇದೇ ಅಕ್ಕ ಬರ್ತಾಳಾ?
ನನ್ ಮಾತನ್ನ ತಂದೇ ಅನ್ನಂಗೆ ಹೇಳ್ತಾಳೆ.’

ಇದನ್ನೂ ದಾಟಿಸಬೇಕಿತ್ತು. ದಾಟಿಸಿದೆ.
ಬ್ರಾನ್ವಿನ್ ನಕ್ಕಳು, ಕೆಮ್ಮಿದಳು, ಗೊತ್ತಿಲ್ಲ ಅಂದಳು.
‘ಗೊತ್ತಿಲ್ಲ’, ಅಂದೆ.
ಅವನು ಆರು ವಾರದ್ದಕ್ಕೆ ಹ್ಞೂಂ ಅಂದ.
‘ಕುರಿಗಿರಿ ನನ್ ಕೈಲಾಗಲ್ಲ.’
ಮೂವತ್ತೆಂಟು ನಿಮಿಷ. ಬಿಲ್ಲಿಗೆ ಬರೆದೆ.
ಸ್ಲೇಟು ಮಾತ್ರ ಒರೆಸಿಕೊಳ್ಳಲಿಲ್ಲ.

ಐದನೇ ಕ್ಲಾಸಿನಲ್ಲಿ ಪಂಕಜಾಕ್ಷಿ ಟೀಚರ್ ಉರು ಹೊಡೆಸುತ್ತಿದ್ದರು:
ಅವನು ಪ್ರಥಮ, ನೀನು ಮಧ್ಯಮ, ನಾನು ಉತ್ತಮ ಪುರುಷ.
ಉತ್ತಮ ಅಂದರೆ ಒಳ್ಳೆಯದು ಅಂತಲೇ
ನಂಬಿಕೊಂಡಿದ್ದೆ ಬಹಳ ದಿನ.

ಶುಕ್ರವಾರ ನಮ್ಮೂರ ಕೇಂದ್ರಕ್ಕೆ ಫೋನು ತಿರುಗಿಸಿದೆ.
‘ದುಭಾಷಿ ಬೇಕಾದರೆ ಒಂಬತ್ತು ಒತ್ತಿ’ ಎಂದಿತು ಯಂತ್ರ.
ಬೆರಳು ಅಲ್ಲಿಗೇ ಹೋಯಿತು.
ಒತ್ತಿದ್ದರೆ ಕರೆ ಸುತ್ತಿ ಬಳಸಿ
ನನಗೇ ಬರುತ್ತಿತ್ತೋ ಏನೋ.

ಆಮೇಲೆ ಮನುಷ್ಯರ ದನಿ, ಚಿಕ್ಕ ವಯಸ್ಸಿನದು:
‘ಯಾರ ಪರವಾಗಿ ಮಾತಾಡುತ್ತಿದ್ದೀರಿ?’
ಇಪ್ಪತ್ತು ವರ್ಷದ ಇಂಗ್ಲಿಷು ಗಂಟಲಲ್ಲೇ ಕೂತಿತು.
ಒಂದ್ನಿಮಿಷ ಇರಮ್ಮ, ಅಂದೆ, ಕನ್ನಡದಲ್ಲೇ.
ಶಟರು ಅರ್ಧಕ್ಕೆ ಎತ್ತಿದೆ.
ಗಾಳಿ ಬಿದ್ದುಹೋಗಿತ್ತು.
ಗ್ಯಾರೇಜಿನ ತುಂಬ ನನ್ನದೊಂದೇ ವಾಸನೆ.