ಗುಂಡಿ ಕಾರ್ಖಾನೆ, ಮೂರನೇ ಮಹಡಿ

ಅಯೋವಾದ ಈ ಊರಲ್ಲಿ ಎಲ್ಲಿ ಅಗೆದರೂ ಸಿಗುವುದು
ದುಂಡಗೆ ತೂತುಬಿದ್ದ ಕಪ್ಪೆಚಿಪ್ಪು.
ಹೊಳೆಯ ತಳ ಬಾಚಿ, ಕುದಿಸಿ, ಮಾಂಸ ಕೆರೆದು,
ಅಂಗಿಗೆ ಬೇಕಾದಷ್ಟು ಗುಂಡಿ ಕೊರೆದುಕೊಂಡು
ಉಳಿದದ್ದನ್ನು ರಸ್ತೆಗೆ ಸುರಿದರಂತೆ.
ನಾವು ಆ ಉಳಿದದ್ದರ ಮೇಲೆ ನಡೆಯುತ್ತೇವೆ.

ಕಾರ್ಖಾನೆ ಮುಚ್ಚಿ ಐವತ್ತು ವರ್ಷ
ಪಾರಿವಾಳದ ಹಿಕ್ಕೆ ಮೊಣಕಾಲುದ್ದ.
ಕೆಡವಲಿಕ್ಕೂ ದುಡ್ಡಿಲ್ಲದೆ ಉಳಿಯಿತು ಕಟ್ಟಡ;
ಬಡತನವೂ ಒಮ್ಮೊಮ್ಮೆ ಪುರಾತತ್ವ ಇಲಾಖೆ.

ಈಗ ಇಲ್ಲಿ ಇಪ್ಪತ್ತೆಂಟು ಮನೆ. ಮನೆಯೆಂದರೆ ಒಂದೇ ಕೋಣೆ,
ಹದಿನಾಲ್ಕಡಿ ಎತ್ತರ, ಆಳು ಮೀರಿದ ಕಿಟಕಿ.
ಒಲೆಯ ಪಕ್ಕ ಅಚ್ಚಿನ ಯಂತ್ರ, ಅದರ ಪಕ್ಕ ಹಾಸಿಗೆ.
ನನ್ನ ಸೂಪಿಗೆ ಟರ್ಪಂಟೈನಿನ ವಾಸನೆ,
ನನ್ನ ಚಿತ್ರಗಳಿಗೆ ಈರುಳ್ಳಿಯದು.

ಕರಾರುಪತ್ರದಲ್ಲಿದೆ:
ಕಿಟಕಿಯ ಚೌಕಟ್ಟು ಬದಲಿಸಕೂಡದು,
ಹಳೆಯ ಇಟ್ಟಿಗೆಗೆ ಮೊಳೆ ಹೊಡೆಯಕೂಡದು,
ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಸಂಪಾದಿಸಕೂಡದು.
ಮೂರನೆಯದನ್ನು ನಾವು ನಿಷ್ಠೆಯಿಂದ ಪಾಲಿಸಿದ್ದೇವೆ.
ಮೀರುವ ಹತ್ತಿರ ಬಂದವನು ಎವರಾರ್ಡೋ ಒಬ್ಬನೇ:
ಬ್ಯಾಂಕೊಂದು ಅವನ ಕಬ್ಬಿಣದ ಕೊಕ್ಕರೆ ಕೇಳಿದಾಗ
ಮೂರು ರಾತ್ರಿ ನಿದ್ದೆಗೆಟ್ಟ,
ನಾಲ್ಕನೆಯ ಬೆಳಿಗ್ಗೆ ಹೋಗಿ ಬೆಲೆ ಇಳಿಸಿ ಬಂದ.

ಕಳೆದ ಮಾರ್ಚಿಯಲ್ಲಿ ಒಂದು ಕೋಣೆ ಖಾಲಿಯಾಯಿತು.
ಅರ್ಜಿ ಹದಿನೇಳು. ಆರಿಸುವ ಐವರಲ್ಲಿ ನಾನೂ ಒಬ್ಬಳು.
ಆರನೇ ಪ್ರಶ್ನೆ: ನೀವು ಕಲಾವಿದರೆಂಬುದಕ್ಕೆ ಪುರಾವೆ?
(ಬೆಳಿಗ್ಗೆ ಕಾಫಿಗೆ ನೀರಿಡುವಾಗ
ನನ್ನನ್ನು ನಾನು ಕೇಳಿಕೊಳ್ಳದ ದಿನವಿಲ್ಲ.)

ಆರ್ಡಿತ್ ಶ್ಲೂಟರ್ ಬಂದರು. ಎಂಬತ್ತೊಂದು ವರ್ಷ,
ಕಿವಿಗೆ ಯಂತ್ರ, ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ.
ಕೂರುವ ಮೊದಲೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.
ಉರುಳಿದವು, ನಮ್ಮ ಕಡತಗಳ ನಡುವೆ ನುಗ್ಗಿದವು,
ಕೆಲವು ಕೆಳಗೆ ಬಿದ್ದು ಹೀಟರಿನಡಿ ಸೇರಿದವು—
ಗುಂಡಿಗಳು. ಹಾಲಿನವು, ಹಲ್ಲಿನವು,
ಮೋಡ ಕವಿದಾಗಿನ ಹೊಳೆಯವು.

"ಹದಿನಾರಕ್ಕೆ ಸೇರಿದೆ. ಮೂರನೇ ಮಹಡಿ, ಉತ್ತರದ ಕಿಟಕಿ.
ಬಣ್ಣ ವಿಂಗಡಿಸುವ ಕೆಲಸ.
ಬಿಳಿಯಲ್ಲಿ ಹನ್ನೊಂದು ಬಗೆ. ಅಂಗಿಯೊಂದಕ್ಕೆ ಏಳು ಗುಂಡಿ,
ಏಳೂ ಒಂದೇ ಬಿಳಿಯಿರಬೇಕು.
ತಪ್ಪಿದರೆ ಸಂಬಳದಲ್ಲಿ ಕಡಿತ.
ಕಡಿಯುತ್ತಿದ್ದದ್ದು ಇದೇ ಕೋಣೆಯಲ್ಲಿ,
ನೀವು ಕೂತಲ್ಲೇ ಕೂತು."

ಅಧ್ಯಕ್ಷರು ಕೆಮ್ಮಿದರು. ಮೆತ್ತಗೇ ಕೇಳಿದರು:
"ಅದು ಕೆಲಸ, ಮೇಡಂ. ಕಲೆ?"

ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟರೋ.
ಎರಡು ಗುಂಡಿ ಹೆಕ್ಕಿ ನನ್ನ ಅಂಗೈಗಿಟ್ಟರು.
"ವ್ಯತ್ಯಾಸ ಹೇಳು."
ಇಪ್ಪತ್ತು ವರ್ಷ ಬಣ್ಣ ಕಲಸಿದವಳು ನಾನು;
"ಎರಡೂ ಒಂದೇ" ಅಂದೆ.
ಮೊಣಕೈ ಹಿಡಿದು ಕಿಟಕಿಗೆ ನಡೆಸಿಕೊಂಡು ಹೋದರು,
ಬದಲಿಸಕೂಡದ ಆ ಚೌಕಟ್ಟಿನ ಬೆಳಕಿಗೆ
ನನ್ನ ಕೈಯನ್ನು ಒಂದಿಷ್ಟೇ ವಾಲಿಸಿದರು.
ಒಂದರೊಳಗೆ ಹಸಿರು ಸುಳಿದು ಹೋಯಿತು.
ಇನ್ನೊಂದರಲ್ಲಿ ಇಲ್ಲ.
ಅಷ್ಟೇ.

ಕೋಣೆ ಸಿಕ್ಕಿದ್ದು ಅನಿಮೇಶನ್ ಮಾಡುವ ಹುಡುಗನಿಗೆ.
ಒಳ್ಳೆಯವನು; ಪುಟ್ಟ ಮಗು ಬೇರೆ ಇದೆ.
ಮೂರಕ್ಕೆ ಎರಡು ಮತ.
ನನ್ನದು ಯಾವ ಕಡೆ ಬಿತ್ತೆಂದು ಯಾರೂ ಕೇಳಲಿಲ್ಲ.
ಆರ್ಡಿತ್ ಡಬ್ಬಿ ಮುಚ್ಚಿ, ಕೋಟು ತೊಟ್ಟು,
ಲಿಫ್ಟಿಗೆ ಬೆನ್ನು ಹಾಕಿ ಮೆಟ್ಟಿಲ ಕಡೆ ಹೋದರು.
ಹೊರಬಾಗಿಲು ಅತ್ತ ಇರಲಿಲ್ಲ.
ಎಷ್ಟು ಹೊತ್ತು ಮೇಲಿದ್ದರೋ, ನಾನು ನೋಡಲು ಹೋಗಲಿಲ್ಲ.

ಏಪ್ರಿಲಿನಲ್ಲಿ ಕಚೇರಿ ಗುಡಿಸುವ ಸರದಿ ನನ್ನದು.
ಹೀಟರಿನಡಿಯಿಂದ ಪೊರಕೆಗೆ ಒಂದು ಬಂತು.
ಹಿಂತಿರುಗಿಸಬೇಕಿತ್ತು. ನನ್ನ ಅಂಗಿಗೆ ಹೊಲಿದುಕೊಂಡೆ,
ಎದೆಯ ಮೇಲಿನದು ಉದುರಿ ತಿಂಗಳಾಗಿತ್ತು.

ಆರು ಒಂದು ಬಿಳಿ, ಒಂದು ಇನ್ನೊಂದು.
ಬೇರೆ ಯಾರಿಗೂ ಗೊತ್ತಾಗುವುದಿಲ್ಲ.
ನನ್ನ ಕೋಣೆಯೂ ಮೂರನೇ ಮಹಡಿ, ಕಿಟಕಿ ಉತ್ತರಕ್ಕೆ.
ಹತ್ತಿರ ಹೋದಾಗಲೆಲ್ಲ
ಕಾಣುತ್ತದೆ.