ಹನ್ನೆರಡನೇ ತೂಬಿನ ಹಡಗು

ಈ ಊರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.
ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ,
ನೀರುಗಂಟಿ ಮಾಯಿಗಯ್ಯ ಓದಲು ಕೂತರೆ
ಹಡಗು ಅಡಗುತ್ತದೆ.

ಪಂಚಾಯ್ತಿ ಕಟ್ಟಡದ ಹಿಂದಿನ ಕೋಣೆ, ನನ್ನ ಗ್ರಂಥಾಲಯ.
ಮೂರು ಬೀರು, ಒಂದು ಫ್ಯಾನು, ಪೊಲೀಸ್ ಪರೀಕ್ಷೆಯ ಗೈಡುಗಳು.
ಸಂಜೆ ಐದಕ್ಕೆ ಅವನು ಬರುತ್ತಾನೆ
ಕಾಲಿನ ಕೆಸರನ್ನು ಹೊರಗಿನ ಹುಲ್ಲಿಗೆ ಒರೆಸಿ.
"ಅದೇ ಕೊಡಿ ಮೇಡಮ್ಮೋರೆ."
ಅದೇ ಅಂದರೆ ರಟ್ಟು ಹೋದದ್ದು,
ಗೊಬ್ಬರದ ಕಂಪನಿಯ ಕ್ಯಾಲೆಂಡರಿನಲ್ಲಿ ನಾನು ಸುತ್ತಿಟ್ಟದ್ದು:
ಇನ್ನೂರು ವರ್ಷ ಹಿಂದಿನ ಒಂದು ಮರದ ಹಡಗು,
ಮೂವತ್ತೆರಡು ಫಿರಂಗಿ, ಮೂರು ಕೂವೆಮರ,
ಮಂಜಿನಾಚೆ ಎಲ್ಲೋ ಶತ್ರುವಿನ ಹಾಯಿ.
ರಿಜಿಸ್ಟರಿನಲ್ಲಿ ಅದರ ಮುಂದೆ ಹದಿನೇಳು ಸಲ
ಕಬ್ಬಿನ ಗಿಣ್ಣಿನ ಹಾಗೆ ದಪ್ಪ ದಪ್ಪ
ಒಂದೇ ಸಹಿ.

ಏನಿದೆ ಅದರಲ್ಲಿ?
"ಅಗ್ಗ," ಅಂದ.
ಅಗ್ಗವೇ? ಏನು ಅಗ್ಗ?
"ಅಗ್ಗ ಕಣ್ರವ್ವ, ಎಳೆಯಾದು, ಕಟ್ಟಾದು.
ನೂರಾರು ಅವೆ, ಒಂದೊಂದಕ್ಕೂ ಒಂದೊಂದ್ ಎಸರು.
ಕತ್ಲಲ್ಲಿ, ಮಳೇಲಿ, ಗುಂಡು ಬೀಳೋವಾಗ
ಯಾರು ಯಾವುದನ್ನ ಇಡೀಬೇಕು ಅಂತ
ಎಲ್ರಿಗೂ ಗೊತ್ತು.
ನಮ್ಮೂರಲ್ಲಿ ಯಾರಿಗ್ ಗೊತ್ತದೆ, ಏಳಿ."

ಆ ರಾತ್ರಿ ನಾನೂ ಓದಿದೆ.
ಯುದ್ಧದ ಪುಸ್ತಕ ಅಂದುಕೊಂಡಿದ್ದೆ. ಯುದ್ಧ ಇರುವುದು ಒಂಬತ್ತು ಪುಟ.
ಉಳಿದದ್ದೆಲ್ಲ ಗಾಳಿಗೆ ಕಾಯುವುದು,
ಪೀಪಾಯಿಯ ನೀರು ಅಳೆಯುವುದು,
ಒದ್ದೆಯಾದ ಮದ್ದು ಒಣಗಿಸುವುದು,
ಹುಳ ಹಿಡಿದ ಬಿಸ್ಕತ್ತನ್ನು ಮೇಜಿಗೆ ಬಡಿಯುವುದು,
ಮನೆಯ ಕಾಗದ ಹೊತ್ತ ಇನ್ನೊಂದು ಹಡಗು
ಮುಳುಗಿದ್ದು ತಿಳಿಯದೆ ಉತ್ತರ ಎದುರು ನೋಡುವುದು.
ಎರಡು ಗಂಟೆಗೆ ದೀಪ ಆರಿಸಿದೆ.
ಮಂಚ ಸ್ವಲ್ಪ ತೂಗಿತು, ಸುಳ್ಳಲ್ಲ.

ಆಮೇಲೆ ಕಣ್ಣಿಗೆ ಬಿತ್ತು:
ಟೀ ಅಂಗಡಿಯಲ್ಲಿ ಮಾಯಿಗಯ್ಯ
ಬಿಸ್ಕತ್ತನ್ನು ಬೆಂಚಿಗೆ ಎರಡು ಸಲ ಬಡಿದು ತಿನ್ನುತ್ತಾನೆ.

ಹೋದ ವರ್ಷ ಹಾಲಿನ ಸಂಘದವರು ಮಲ್ಪೆಗೆ ಬಸ್ಸು ಮಾಡಿದ್ದರು.
ಒಂದು ಮಧ್ಯಾಹ್ನ ಪೂರ್ತಿ ಮರಳಲ್ಲಿ ನಿಂತು ಬಂದ.
ಹೇಗಿತ್ತು ಸಮುದ್ರ?
"ಚೆಂದಾಗದೆ. ಆದ್ರೆ ಒಂದು ಆಯೀನೂ ಇಲ್ಲ.
ಆಯಿ ಇಲ್ದಿದ್ರೆ ಅದು ನೀರು, ಅಷ್ಟೆಯ.
ನೀರು ನಂಗೂ ಗೊತ್ತು."

ವಿ.ಸಿ. ನಾಲೆಗೆ ಕಟ್ಟು ನೀರು ಬಿಟ್ಟ ಆಗಸ್ಟಿನ ರಾತ್ರಿ.
ತುದಿಯ ಗದ್ದೆಗಳಿಗೆ ಮೂರು ದಿನದಿಂದ ಹನಿ ಇಲ್ಲ.
ಸನಿಕೆ ಹಿಡಿದು, ಬ್ಯಾಟರಿ ಹಿಡಿದು ಏರಿ ಮೇಲೆ ಇಪ್ಪತ್ತು ಜನ,
ಬೈಗುಳ ಎರಡು ದಡಕ್ಕೂ.
ಹನ್ನೆರಡನೇ ತೂಬಿನ ಹಲಗೆ ಮೇಲೆ ಅವನು
ಕೈ ಹಿಂದೆ ಕಟ್ಟಿ, ಮೇಲಿನ ಗದ್ದೆಯ ಯಜಮಾನರ ಕಡೆ ತಿರುಗಿ,
ದನಿ ಏರಿಸದೆ:
"ಕಡೇ ಗದ್ದೆಗೆ ಮುಟ್ಟೋಗಂಟ ಈ ಚಕ್ರ ತಿರುಗಾಕಿಲ್ಲ."

ಅವನಪ್ಪನನ್ನು ಇದೇ ಏರಿಯಲ್ಲಿ
ಚಿಟಿಕೆ ಹೊಡೆದು ಕರೆಯುತ್ತಿದ್ದರಂತೆ.
ಆ ರಾತ್ರಿ ಯಾರೋ ಒಬ್ಬರು "ನೋಡಪ್ಪಾ ಮಾಯಿಗಯ್ಯ" ಅಂದರು.
ಅಷ್ಟೇ. ಇದನ್ನು ಗೆಲುವು ಅನ್ನಲಾರೆ.
ಇಷ್ಟು ಹೊತ್ತು ನಾನೂ ಅವನು, ಅವನು ಅಂತಲೇ
ಬರೆಯುತ್ತಿದ್ದೇನೆ. ಈಗ ಕಂಡಿತು.

ಮಂಡ್ಯದ ಕಚೇರಿಯಿಂದ ಪತ್ರ:
ಹರಿದ ಪುಸ್ತಕಗಳನ್ನು ತೂಕಕ್ಕೆ ಹಾಕತಕ್ಕದ್ದು.
ಪಟ್ಟಿಯಲ್ಲಿ ಅದರ ನಂಬರೂ ಇತ್ತು.
"ಕಳೆದುಹೋಗಿದೆ" ಎಂದು ಬರೆದು ಮೊಹರು ಒತ್ತಿ
ನಲವತ್ತೈದು ರೂಪಾಯಿ ದಂಡ
ನನ್ನ ಹೆಸರಿಗೆ ನಾನೇ ರಸೀದಿ ಹರಿದೆ.

ಈಗ ಅದು ತೂಬಿನ ಗೂಡಿನಲ್ಲಿ, ಗ್ರೀಸ್ ಡಬ್ಬದ ಪಕ್ಕ.
ಮಾಯಿಗಯ್ಯನವರು ಓದುತ್ತಾರೆ,
ಸಾಲಿನ ಕೆಳಗೆ ಬೆರಳು ಸರಿಸುತ್ತ.
ಹಡಗು ಎಂದು ಅಚ್ಚಾಗಿದೆ.
ಅಡಗು, ಅನ್ನುತ್ತಾರೆ ಮೆಲ್ಲಗೆ,
ಹೆದರಿದ ಮಗುವಿಗೆ ಹೇಳುವ ಹಾಗೆ.
ನಾಲೆಯ ಮೇಲೆ ಮಂಜು ಇಳಿದಿದೆ.
ಅದು ಅಡಗುತ್ತದೆ.