ಐದು ದೀಪದ ಡಬ್ಬಿ

ಎಂಟಕ್ಕೇ ಕಾಲೇಜಿನ ಗೇಟಿನೊಳಗೆ
ಒಂದು ಡಬ್ಬಿ ಕೈಗಿಟ್ಟರು.
ಅಂಗೈ ಅಗಲ, ಎಳೆದರೆ ಬೆಳೆಯುವ ಕಡ್ಡಿ,
ಒಂದು ತಿರುಗಣಿ, ಮೈಮೇಲೆ ಸಾಲಾಗಿ ಐದು ದೀಪ.
‘ಖಾಸಿಂಸಾಬ್, ನಿಮಗ ಇದೆಲ್ಲ ಗೊತ್ತಿರತೈತಲ್ರಿ’
ಅಂದರು ತಾಯಣ್ಣ ಮಾಸ್ತರು.
ತೀನ್ ಕಂದೀಲಿನ ಹತ್ತಿರ ಮೊಬೈಲು ಬಿಚ್ಚಿ ಕೂಡಿಸುವವ ನಾನು,
ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.
ದಿನಗೂಲಿ ಎಂಟುನೂರು, ಉಪ್ಪಿಟ್ಟು ಬೇರೆ.

ಮೊದಲು ಕಡ್ಡಿ ಪೂರ್ತಿ ಎಳೆದೆ.
ಐದೂ ದೀಪ ಒಮ್ಮೆಲೇ ಹತ್ತಿಕೊಂಡವು
ಸಂದಲ್ ಮೆರವಣಿಗೆ ಓಣಿಗೆ ಬಂದ ಹಾಗೆ.
ಸ್ಟೇಷನ್ ಕಡೆಯ ಟವರು, ಜೀಪಿನ ವಾಕಿಟಾಕಿ,
ಗೋಡೆಯಾಚೆ ಯಾರದೋ ವೈಫೈ,
ಚಹಾ ತಂದ ಹುಡುಗನ ಜೇಬು,
ಎಲ್ಲ ಕೂಡಿ ಕೂಗುತ್ತಿದ್ದವು.
ಎಲ್ಲ ಕೇಳುವ ಡಬ್ಬಿಗೆ ಯಾವುದೂ ತಿಳಿಯುತ್ತಿರಲಿಲ್ಲ.

ಹತ್ತಿರದ್ದು ಸಿಗಬೇಕಾದರೆ
ಕಡ್ಡಿ ಗಿಡ್ಡ ಮಾಡಬೇಕು.
ತಿರುಗಣಿ ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಡಬ್ಬಿ ಅರೆಗಿವುಡಾಗುವ ತನಕ.
ಆಗ ರಾಯಚೂರು ಸುಮ್ಮನಾಗುತ್ತದೆ.
ಮೊಳದೊಳಗಿನದು ಮಾತ್ರ ಉಳಿಯುತ್ತದೆ.
ನಮ್ಮಮ್ಮ ಸಜ್ಜೆ ಹಸನು ಮಾಡುವಾಗ
ಮರ ಆಡಿಸುವ ಹಾಗೆ
ಸಾಲುಗಳ ನಡುವೆ ಆಡಿಸುತ್ತ ನಡೆದೆ.

ಮೊದಲ ಕಳ್ಳ ತಾಯಣ್ಣ ಮಾಸ್ತರೇ.
‘ಸೈಲೆಂಟ್‌ನಾಗ ಇಟ್ಟೀನೋ ಮಾರಾಯಾ’ ಅಂದರು.
ನಮ್ಮ ಕಿವಿಗೆ ಸೈಲೆಂಟು;
ಡಬ್ಬಿಗೆ ಅವರ ಎದೆಯಿಡೀ ಒದರಾಟ.
ಏಳನೇ ಕೋಣೆಯಲ್ಲಿ ಕಿಡಿ ಹಾರುವ ಫ್ಯಾನಿನ ರೆಗ್ಯುಲೇಟರು
ಸುಮ್ಮನೆ ಹೆದರಿಸಿತು.

ಹನ್ನೊಂದನೇ ಕೋಣೆ. ಕಿಟಕಿಯ ಸಾಲು.
ಮೂರು ದೀಪ. ಇಲ್ಲ.
ಏಳು ಎಣಿಸಿದೆ. ಮತ್ತೆ ಮೂರು.
ಇನ್ನಷ್ಟು ಮಂದ ಮಾಡಿದೆ, ಇನ್ನಷ್ಟು ಬಾಗಿದೆ.
ಗೇಣು. ನಾಲ್ಕು ಬೆರಳು.
ಕಿವಿಯ ಹತ್ತಿರ ಎರಡು, ಕಾಲರಿನ ಹತ್ತಿರ ಐದು.
ಹುಡುಗ ಮುಖ ಎತ್ತಿದ.

ಗುರುಗುಂಟೆ ಕಡೆಯ ಅಮರೇಶ.
ಎಂಟು ದಿನದ ಹಿಂದೆ ನನ್ನ ಗಾಜಿನ ಪೆಟ್ಟಿಗೆಯ ಮೇಲೆ
ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದನ್ನು ಇಟ್ಟು
‘ಅಣ್ಣಾ, ಅರ್ಧ ತಾಸಿಗೇ ಸಾಯಾಕತ್ತೈತಿ’ ಅಂದಿದ್ದ.
ಯಾತಕ್ಕ ಅಂತ ಕೇಳಲಿಲ್ಲ ನಾನು.
ಕೇಳಿದರೆ ಗಿರಾಕಿ ಪಕ್ಕದಂಗಡಿಗೆ.
ಬ್ಯಾಟರಿ ಬದಲಿಸಿದೆ, ಬೆಸುಗೆ ಗಟ್ಟಿ ಮಾಡಿದೆ,
ಇನ್ನೂರೈವತ್ತು ಇಸಕೊಂಡೆ.

ಈಗ ಪರೀಕ್ಷೆ ಸುರುವಾಗಿ ಒಂದೂವರೆ ತಾಸು.

ಹೆಬ್ಬೆರಳ ಕೆಳಗೆ ತಿರುಗಣಿ.
ಅಕ್ಕಿಕಾಳಷ್ಟು ಹಿಂದಕ್ಕೆ ತಿರುಗಿದರೆ
ಐದೂ ದೀಪ ಆರಿ, ಅಲ್ಲಿ ಏನೂ ಇರಲಿಲ್ಲ ಅಂತಾಗುತ್ತಿತ್ತು.
ಬಾಗಿಲಲ್ಲಿ ಸ್ಕ್ವಾಡ್ ಮೇಡಂ ಗಡಿಯಾರ ನೋಡುತ್ತಿದ್ದರು.
ಅವನ ಹಿಂದಿನ ಬೆಂಚಿನಲ್ಲಿ ಒಬ್ಬಳು
ಪೆನ್ನಿನ ಮಸಿ ಹತ್ತಿದ ಬೆರಳು ಮಡಚಿ ಮಡಚಿ
ಏನೋ ಲೆಕ್ಕ ಹಾಕುತ್ತಿದ್ದಳು,
ಬರುತ್ತಿರಲಿಲ್ಲ, ಮತ್ತೆ ಒಂದರಿಂದ ಎಣಿಸುತ್ತಿದ್ದಳು.
ಕೈ ಎತ್ತಿದೆ.

ಅವನು ಗಲಾಟೆ ಮಾಡಲಿಲ್ಲ.
ಬನಿಯನ್ನಿನೊಳಗಿಂದ ತಂತಿ ತಾನೇ ಬಿಚ್ಚಿ ಕೊಟ್ಟ.
ನನ್ನ ಪಕ್ಕ ಹಾಯುವಾಗ, ಸಿಟ್ಟಿಲ್ಲದೆ,
‘ಬ್ಯಾಟರಿ ಛಲೋ ಹಾಕಿದ್ದಿ ಅಣ್ಣಾ’ ಅಂದ.

ಆಮೇಲೆ ಪಂಚನಾಮೆ, ಸಹಿ, ಅರಗು ಹುಡುಕಾಟ.
ತಾಯಣ್ಣ ಮಾಸ್ತರ ಮೇಜಿನ ಮೇಲೆ
ರುಮಾಲಿನಲ್ಲಿ ಮಲಗಿತ್ತು ಅದು, ಪುಟ್ಟ ಪಿನ್ನಿನಷ್ಟು ಕಿವಿಮಣಿ ಪಕ್ಕಕ್ಕೆ.
ಆರಿಸಲು ಯಾರಿಗೂ ನೆನಪಾಗಲಿಲ್ಲ.
ನನ್ನ ಕೈಯ ಡಬ್ಬಿ ಅದರ ಮೇಲೆ ಬಾಗಿದಾಗ
ಐದೂ ದೀಪ. ಇಲ್ಲ. ಐದೂ ದೀಪ.

ಇದೆ ಅಂತಷ್ಟೇ ಹೇಳುತ್ತದೆ ಈ ಡಬ್ಬಿ,
ಏನು ಅಂತ ಹೇಳುವುದಿಲ್ಲ.
ಎಲ್ಲೋ ಯಾವುದೋ ಲಾಡ್ಜಿನ ಕೋಣೆಯಲ್ಲಿ
ಬಾಗಿಲು ಹಾಕಿಕೊಂಡ ಒಬ್ಬ ಓದುತ್ತಲೇ ಇದ್ದಿರಬೇಕು,
ನಲವತ್ತೆರಡು, ಬಿ.
ನಲವತ್ತಮೂರು, ಡಿ.
ನೀರು ಕುಡಿದು, ಮತ್ತೆ
ನಲವತ್ತನಾಲ್ಕು.